ಮೂಲ ಫೋಟೊ ಮುಟ್ಟಬ್ಯಾಡ್ರಿ, ನಕಲು ತಿದ್ರಿ

ಅಕ್ಕಲಕೋಟ: ತೀರಿಹೋದ ಹಿರಿಯರ ಫೋಟೊ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕೆನ್ನುವವರು ಈಗ ಸ್ಟುಡಿಯೋಕ್ಕೆ ಮೊಬೈಲ್ ಹಿಡಿದುಕೊಂಡೇ ಬರುತ್ತಾರೆ. ಪುಣೆ, ಮುಂಬೈಯಲ್ಲಿರುವ ಮಕ್ಕಳಿಂದ ವಾಟ್ಸಾಪ್‌ನಲ್ಲಿ ನಾಲ್ಕಾರು ಕೈ ದಾಟಿ ಬಂದ ಚಿತ್ರ ಅದು. ಮೊಬೈಲಿನಲ್ಲಿ ಚೆಂದ ಕಂಡದ್ದು ಪ್ರಿಂಟ್ ಹಾಕಿದರೆ ಮುಖದ ಮೇಲೆಲ್ಲ ಚೌಕ ಚೌಕ ಕಲೆ. ‘ಫೋಟೊ ಹಿಂಗ್ಯಾಕ ಮಸುಕಾತ್ರೀ?’ ಅನ್ನೋದು ಎಲ್ಲರ ಪ್ರಶ್ನೆ.

ಹೆಚ್ಚಿನ ಕ್ಯಾಮೆರಾ, ಮೊಬೈಲ್‌ಗಳು ಫೋಟೊವನ್ನು ಜೆಪಿಇಜಿ ರೂಪದಲ್ಲಿ ಉಳಿಸುತ್ತವೆ. 1992ರಲ್ಲಿ ಜಾರಿಗೆ ಬಂದ ಈ ಪದ್ಧತಿ ಚಿತ್ರವನ್ನು 8×8 ಚುಕ್ಕೆಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರ ಬಿಟ್ಟು ಫೈಲ್ ಕುಗ್ಗಿಸುತ್ತದೆ. ಇದರ ಹಿಂದಿನ ಗಣಿತದ ರೂವಾರಿ ನಾಸಿರ್ ಅಹ್ಮದ್ ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತವರು. ಟಿ. ನಟರಾಜನ್, ಕೆ.ಆರ್. ರಾವ್ ಜೊತೆಗೂಡಿ 1974ರಲ್ಲಿ ಅದನ್ನು ಪ್ರಕಟಿಸಿದರು.

ಒಮ್ಮೆ ಬಿಟ್ಟ ವಿವರ ತಿರುಗಿ ಬರುವುದಿಲ್ಲ. ತಿದ್ದಿ ‘ಸೇವ್’ ಒತ್ತಿದಾಗೆಲ್ಲ ಚಿತ್ರ ಮತ್ತೆ ಕುಗ್ಗಿ ಇನ್ನಷ್ಟು ಹೋಗುತ್ತದೆ. ಬರೇ ತೆರೆದು ನೋಡಿದರೆ, ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಏನೂ ಆಗುವುದಿಲ್ಲ.

ಹೀಗೆ ಮಾಡಿ

* ಮೂಲ ಫೈಲ್ ಬೇರೆ ಫೋಲ್ಡರಿನಲ್ಲಿಟ್ಟು, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ.

* ಕೆಲಸ ನಾಳೆಗೆ ಉಳಿಯುವುದಿದ್ದರೆ ಜೆಪಿಇಜಿಯಲ್ಲಿ ಉಳಿಸಬೇಡಿ. ಫೋಟೊಶಾಪ್‌ನಲ್ಲಿ ಪಿಎಸ್‌ಡಿ, ಪುಕ್ಕಟೆ ಸಿಗುವ ಗಿಂಪ್‌ನಲ್ಲಿ ಎಕ್ಸ್‌ಸಿಎಫ್, ಇಲ್ಲವೇ ಪಿಎನ್‌ಜಿ ಇರಲಿ. ಫೈಲ್ ಭಾರವಾದರೂ ವಿವರ ಕಳೆಯುವುದಿಲ್ಲ.

* ಕತ್ತರಿಸುವುದು, ಬೆಳಕು, ಬಣ್ಣ ಎಲ್ಲ ಮುಗಿದ ಮೇಲೆ ಒಂದೇ ಸಲ ಜೆಪಿಇಜಿ ಮಾಡಿ. ಗಿಂಪ್‌ನಲ್ಲಿ ಗುಣಮಟ್ಟ 90ರ ಮೇಲಿದ್ದರೆ ಸಾಕು. ಮೊದಲೇ ಕೆಟ್ಟ ಚಿತ್ರಕ್ಕೆ 100 ಕೊಟ್ಟರೂ ಫೈಲ್ ದೊಡ್ಡದಾಗುತ್ತದೆಯೇ ಹೊರತು ಚಿತ್ರ ಸುಧಾರಿಸದು.

* ಪರೀಕ್ಷೆ, ನೌಕರಿ ಅರ್ಜಿಗೆ ಕಡಿಮೆ ಕೆಬಿಯ ಫೋಟೊ ಬೇಕಾದಾಗ ಹಳೇ ಅರ್ಜಿಯದನ್ನೇ ಮತ್ತೆ ಕುಗ್ಗಿಸದೆ, ಪ್ರತಿ ಸಲ ಮೂಲದಿಂದ ಹೊಸದಾಗಿ ಮಾಡಿ. ಮೊದಲು ಉದ್ದಗಲ ಇಳಿಸಿ, ಗುಣಮಟ್ಟ ಆಮೇಲೆ.

* ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಮೂಲ ಫೈಲ್ ಹಾಗೆಯೇ ಹೋಗುತ್ತದೆ. ಫೋಟೊ ಆಗಿ ಕಳುಹಿಸಿದರೆ ಕುಗ್ಗುತ್ತದೆ.

ಮಸುಕು ಮುಖ ತಿಳಿ ಮಾಡುವ ಎಐ ಆ್ಯಪ್‌ಗಳು ಈಗ ಬಂದಿವೆ. ಅವು ಕಳೆದ ವಿವರವನ್ನು ಅಂದಾಜಿನ ಮೇಲೆ ಹೊಸದಾಗಿ ತುಂಬುತ್ತವೆ. ಅಜ್ಜನ ಕಣ್ಣು, ಮೂಗು ಬೇರೆ ಯಾರದೋ ಆಗಬಹುದು. ಅದಕ್ಕಿಂತ ಟ್ರಂಕಿನಲ್ಲಿ ಕಾಗದದ ಹಳೇ ಫೋಟೊ ಇದೆಯೇ ಎಂದು ಹುಡುಕುವುದೇ ಲೇಸು. ಸಿಕ್ಕರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಆ ಫೈಲನ್ನು ಎರಡು ಕಡೆ ಜೋಪಾನವಾಗಿಡಬೇಕು.