ಗಾಲಿಕುರ್ಚಿಗೆ ಅಳತೆ ತೆಗೆಯೋರು ಯಾರು?

ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿ 2021ರಲ್ಲಿ ‘ನಿಯೋಬೋಲ್ಟ್’ ಬಿಡುಗಡೆ ಮಾಡಿತು. ಗಾಲಿಕುರ್ಚಿಯ ಮುಂದೆ ಸಿಕ್ಕಿಸುವ ಬ್ಯಾಟರಿ ಚಕ್ರ ಅದು. ಸಿಕ್ಕಿಸಿದರೆ ಕುರ್ಚಿಯೇ ಸ್ಕೂಟರ್. ವೇಗ ಗಂಟೆಗೆ 25 ಕಿ.ಮೀ., ಒಂದು ಚಾರ್ಜಿಗೆ ಸುಮಾರು 25 ಕಿ.ಮೀ. ಓಟ. ಆಗಿನ ಬೆಲೆ 55,000 ರೂಪಾಯಿ.

ಲಕ್ಷ್ಮೇಶ್ವರದಿಂದ ಗದಗಿಗೇ ಸುಮಾರು 40 ಕಿ.ಮೀ. ಇದೆ. ಜಿಲ್ಲಾಸ್ಪತ್ರೆಗೆ ಹೊರಟರೆ ನಡುದಾರಿಯಲ್ಲೇ ಚಾರ್ಜ್ ಖಾಲಿ. ಊರೊಳಗಿನ ಬ್ಯಾಂಕು, ಸಂತೆಗಾದರೆ ಧಾರಾಳ ಸಾಕು.

ಬ್ಯಾಟರಿಗಿಂತ ದೊಡ್ಡ ತೊಡಕು ಅಳತೆಯದ್ದು. ಇದೇ ಕಂಪನಿಯ ‘ನಿಯೋಫ್ಲೈ’ ಕುರ್ಚಿಯನ್ನು ಅಂಗಿ ಹೊಲಿಸಿದ ಹಾಗೆ ಮೈಯಳತೆಗೆ ಹೊಂದಿಸುತ್ತಾರೆ. ಅಳತೆ ತಪ್ಪಿದರೆ ಭುಜ ನೋಯುತ್ತೆ, ಕೂತಲ್ಲೇ ಹುಣ್ಣಾಗುತ್ತೆ. ಆದರೆ ನಮ್ಮ ಕಡೆ ಬಡವರಿಗೆ ಕುರ್ಚಿ ಸಿಗೋದು ಅಂಗಡಿಯಲ್ಲಲ್ಲ, ಶಿಬಿರದಲ್ಲಿ. 1981ರಿಂದಿರುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ದುಡ್ಡು ಕೊಡೋದು ಸರ್ಕಾರ, ಕೂರೋದು ಬೇರೆಯವರು. ಎಷ್ಟು ಹಂಚಿದೆವು ಅನ್ನೋದೇ ಸುದ್ದಿಯಾಗುತ್ತೆ, ಆರು ತಿಂಗಳಾದ ಮೇಲೆ ಎಷ್ಟು ಓಡ್ತಿವೆ ಅನ್ನೋದಲ್ಲ.

ಎಂಜಿನಿಯರಿಂಗ್ ಓದಿದ ನನಗೆ ಮೋಟಾರಿನ ಬಗ್ಗೆ ಚಿಂತೆಯಿಲ್ಲ. ಗದಗ-ಬೆಟಗೇರಿಯಲ್ಲಿ ಅಳತೆ ತೆಗೆಯೋರು ಯಾರು? ಶಿರಹಟ್ಟಿಯ ಸೈಕಲ್ ಅಂಗಡಿಯವರು ಇದರ ಬೇರಿಂಗ್ ಬದಲಿಸಬಲ್ಲರಾ? ಮುಂಡರಗಿಗೆ ಹೊಸ ಬ್ಯಾಟರಿ ಬರೋಕೆ ಎಷ್ಟು ದಿನ? ಈ ಖರ್ಚನ್ನೂ ಯೋಜನೆಯ ಹಣದಲ್ಲೇ ಸೇರಿಸಿದರೆ ಕಂಪನಿಗಳು ಇತ್ತ ತಲೆಹಾಕಿಯಾವು.