ಯುದ್ಧಕಾಲದ ಬನ್ನೂರು ಸೀಮೆ: ಕಣ, ಕಾಸು ಮತ್ತು ಸುದ್ದಿ

ಮೈಸೂರು ಸಂಸ್ಥಾನದ ನೆಲದಲ್ಲಿ ಎರಡನೆಯ ಮಹಾಯುದ್ಧದ ಕಾಳಗಗಳು ನಡೆಯಲಿಲ್ಲ. ಆದರೂ 1939ರಿಂದ 1945ರವರೆಗಿನ ಆರು ವರ್ಷಗಳು ಇಲ್ಲಿನ ಗ್ರಾಮೀಣ ಬದುಕಿನ ಮೇಲೆ ಬೀರಿದ ಪರಿಣಾಮ ಅಲ್ಪವಾದುದಲ್ಲ. ಈ ಅವಧಿಯನ್ನು ಕುರಿತ ಬರೆಹಗಳು ಬಹುಮಟ್ಟಿಗೆ ಸ್ವಾತಂತ್ರ್ಯ ಚಳವಳಿಯನ್ನೋ ದಿವಾನರ ಆಡಳಿತವನ್ನೋ ಬೆಂಗಳೂರಿನ ಕೈಗಾರಿಕೆಗಳನ್ನೋ ಕೇಂದ್ರವಾಗಿರಿಸಿಕೊಂಡಿವೆ. ಭತ್ತ ಬೆಳೆಯುವ ಒಂದು ಹೋಬಳಿಯ ಜನ ಏನನ್ನು ಉಂಡರು, ಏನನ್ನು ಉಟ್ಟರು, ಯಾವ ಬೆಳಕಿನಲ್ಲಿ ಆಟ ನೋಡಿದರು, ಯಾರ ಬಾಯಿಂದ ಸುದ್ದಿ ಕೇಳಿದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಹೆಚ್ಚಿನ ಸ್ಥಳ ದೊರೆತಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಸೀಮೆಯನ್ನು ಎದುರಿಗಿಟ್ಟುಕೊಂಡು, 1943ರ ಆಸುಪಾಸಿನ ದಿನನಿತ್ಯದ ಬದುಕನ್ನು ಜಾನಪದದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಳ್ಳಿಗಳ ಹಿರಿಯರು ಕಾಲವನ್ನು ಇಸವಿಗಳಿಂದಲ್ಲ, ಸಂವತ್ಸರಗಳಿಂದ ಮತ್ತು ಕಂಡುಂಡ ಕಷ್ಟಸುಖಗಳಿಂದ ಗುರುತಿಸುತ್ತಿದ್ದರು. 1942ರ ಯುಗಾದಿಯಿಂದ ಚಿತ್ರಭಾನು, 1943ರ ಯುಗಾದಿಯಿಂದ ಸ್ವಭಾನು, ಅದರ ಮರುವರ್ಷ ತಾರಣ. ಈ ಮೂರು ಸಂವತ್ಸರಗಳಲ್ಲಿ ‘ಕಂಟ್ರೋಲು’, ‘ರೇಷನ್ನು’, ‘ಲೆವಿ’, ‘ಕಾಳಸಂತೆ’ ಎಂಬ ಮಾತುಗಳು ಅಕ್ಷರಬಾರದವರ ನಾಲಗೆಯ ಮೇಲೂ ನೆಲೆಗೊಂಡವು. ಯುದ್ಧದ ಇತಿಹಾಸ ಜನಪದರಲ್ಲಿ ಉಳಿದಿರುವುದು ಮುಖ್ಯವಾಗಿ ಇಂಥ ಪದಗಳಲ್ಲಿ ಮತ್ತು ಕೆಲವು ವಸ್ತುಗಳಲ್ಲಿ. ರಾಜಮಹಾರಾಜರ ಕಾಳಗಗಳನ್ನು ಹಾಡಿ ಹೊಗಳಿದ ನಮ್ಮ ಲಾವಣಿ ಪರಂಪರೆ ಲೆವಿಯ ಭತ್ತವನ್ನು ವಸ್ತುವಾಗಿ ಆರಿಸಿಕೊಂಡದ್ದು ಕಡಿಮೆಯೆಂದೇ ನನ್ನ ಅಭಿಪ್ರಾಯ.

ಬನ್ನೂರು ಕಾವೇರಿಯ ಬಯಲಿನ ಊರು. ಮೈಸೂರಿನಿಂದ ಮಳವಳ್ಳಿಗೆ ಹೋಗುವ ಹಾದಿಯಲ್ಲಿರುವ ಈ ಊರಿಗೆ ಹೊಯ್ಸಳರ ಸೋಮನಾಥಪುರ ನೆರೆಯದು. ಊರದೇವತೆ ಹೇಮಾದ್ರಮ್ಮನ ಜಾತ್ರೆ ಸುತ್ತಲ ಹಳ್ಳಿಗಳನ್ನು ಕೂಡಿಸುವ ದೊಡ್ಡ ಹಬ್ಬ. ಗಿಡ್ಡ ಕಾಲಿನ, ಮೈತುಂಬಿದ ಬನ್ನೂರು ಕುರಿಯಿಂದಾಗಿ ಊರಿನ ಹೆಸರು ದೂರದೂರಕ್ಕೂ ಹಬ್ಬಿದೆ. ಕಾವೇರಿಗೆ ಹಿಂದಿನ ಅರಸರು ಕಟ್ಟಿಸಿದ ಅಣೆಕಟ್ಟೆಗಳಿಂದ ಹೊರಟ ನಾಲೆಗಳು ಈ ಬಯಲನ್ನು ಗದ್ದೆಯಾಗಿಸಿವೆ. ಊರಿಗೆ ರೈಲು ಇರಲಿಲ್ಲ. ಸರಕು ಬರುವುದಿದ್ದರೂ ಹೋಗುವುದಿದ್ದರೂ ಎತ್ತಿನ ಗಾಡಿ ಅಥವಾ ಬಸ್ಸು. ನೀರಾವರಿಯ ಊರಾದರೂ ದುಡಿಯುವ ಜನರ ನಿತ್ಯದ ಊಟ ರಾಗಿಮುದ್ದೆಯೇ ಆಗಿತ್ತೆಂಬುದನ್ನು ಮರೆಯಬಾರದು. ಭತ್ತ ಮಾರಾಟಕ್ಕೆ, ಕಂದಾಯಕ್ಕೆ, ಹಬ್ಬಕ್ಕೆ, ಹೊಟ್ಟೆಗೆ ರಾಗಿ.

1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಇಂಡಿಯಾಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತುಹೋಯಿತು. ದಕ್ಷಿಣದ ಸಂಸ್ಥಾನಗಳೂ ಮದರಾಸು ಪ್ರಾಂತ್ಯವೂ ಇದರ ಪೆಟ್ಟನ್ನು ಬೇಗ ಅನುಭವಿಸಿದವು. ಸೈನ್ಯದ ಖರೀದಿ ಹೆಚ್ಚಿತು, ನೋಟುಗಳ ಚಲಾವಣೆ ಹೆಚ್ಚಿತು, ಸರಕು ಕಡಿಮೆಯಾಯಿತು. ಯುದ್ಧ ಮುಗಿಯುವ ಹೊತ್ತಿಗೆ ದೇಶದ ಸಗಟು ಬೆಲೆಗಳ ಮಟ್ಟ 1939ರ ಎರಡರಷ್ಟನ್ನು ದಾಟಿತ್ತು. ಇದು ಸರಾಸರಿಯ ಮಾತು. ಸಂತೆಗೆ ಹೋದವನಿಗೆ ಸರಾಸರಿ ಸಿಗುವುದಿಲ್ಲ. ನಿಗದಿಯಾದ ಬೆಲೆಗೆ ಸರಕು ಸಿಗದೆ, ಸರಕು ಸಿಕ್ಕುವಲ್ಲಿ ನಿಗದಿಯ ಬೆಲೆ ನಡೆಯದೆ ಇದ್ದುದೇ ಕಾಳಸಂತೆ ಎಂಬ ಪದದ ಹುಟ್ಟು.

ಭತ್ತ ಬೆಳೆಯುವ ಸೀಮೆಗೆ ಇದರಿಂದ ಲಾಭವಾಗಿರಬೇಕೆಂದು ಮೇಲ್ನೋಟಕ್ಕೆ ತೋರುತ್ತದೆ. ಒಂದಿಷ್ಟು ಮಂದಿಗೆ ಆದದ್ದೂ ಉಂಟು. ಹಳೆಯ ಸಾಲ ತೀರಿಸಿಕೊಂಡ ಹಿಡುವಳಿದಾರರು ಎಲ್ಲ ಕಡೆಯೂ ಇದ್ದರು. ಆದರೆ ನಗರಗಳಿಗೆ ಪಡಿತರ ಒದಗಿಸಬೇಕಾದ ಸರ್ಕಾರ ಬೆಳೆಗಾರರ ಮೇಲೆ ಲೆವಿ ಹಾಕಿತು. ಮನೆಯ ಊಟಕ್ಕೂ ಬಿತ್ತನೆಗೂ ಬೇಕಾದುದನ್ನು ಬಿಟ್ಟು ಮಿಕ್ಕ ಧಾನ್ಯವನ್ನು ಗೊತ್ತಾದ ಬೆಲೆಗೆ ಸರ್ಕಾರಕ್ಕೆ ಅಳೆಯಬೇಕೆಂಬುದು ಅದರ ತತ್ತ್ವ. ಊರಿನಲ್ಲಿ ಪಟೇಲ ಮತ್ತು ಶಾನುಭೋಗ, ಹೋಬಳಿಗೆ ಶೇಕದಾರ, ತಾಲ್ಲೂಕಿಗೆ ಅಮಲ್ದಾರ ಎಂಬ ಕಂದಾಯದ ಏಣಿಯೇ ಧಾನ್ಯಸಂಗ್ರಹದ ಏಣಿಯೂ ಆಯಿತು.

ಲೆವಿಯನ್ನು ಕೇವಲ ಆರ್ಥಿಕ ಕ್ರಮವೆಂದು ನೋಡಿದರೆ ಅದು ತಟ್ಟಿದ ಜಾಗ ಯಾವುದೆಂದು ತಿಳಿಯುವುದಿಲ್ಲ. ಅದು ತಟ್ಟಿದ್ದು ಕಣಕ್ಕೆ. ನಮ್ಮ ಕಡೆಯ ಒಕ್ಕಲುತನದಲ್ಲಿ ಕಣವೆಂದರೆ ತೆನೆ ಬಡಿಯುವ ಬಯಲು ಮಾತ್ರವಲ್ಲ. ಅದೊಂದು ಆಚರಣೆಯ ನೆಲೆ. ಸಗಣಿ ಸಾರಿಸಿದ ನೆಲದ ನಡುವೆ ಮೇಟಿ ನೆಡುತ್ತಾರೆ. ಒಕ್ಕಿ, ತೂರಿ, ಕೂಡಿಸಿದ ಕಾಳಿನ ರಾಶಿಗೆ ಸಗಣಿಯ ಬೆನಕನನ್ನಿಟ್ಟು ಪೂಜಿಸುತ್ತಾರೆ. ರಾಶಿಯ ಎದುರು ಬರಿದೆ ಮಾತು ಸಲ್ಲದು, ಅದನ್ನು ಕಣ್ಣಳತೆಯಲ್ಲಿ ಇಷ್ಟೆಂದು ಹೇಳಕೂಡದು. ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾರೆ. ಎಣಿಸಿದರೆ ಹುಲುಸು ಹೋಗುತ್ತದೆ ಎಂಬ ನಂಬಿಕೆ ಈ ಎಲ್ಲದರ ಹಿಂದಿದೆ. ಇಂಥ ರಾಶಿಯ ಬೆಳೆ ಎಷ್ಟು, ಮನೆಯಲ್ಲಿ ಉಣ್ಣುವ ಬಾಯಿಗಳೆಷ್ಟು, ಮಿಗುವುದೆಷ್ಟು ಎಂದು ಕಾಗದ ಹಿಡಿದು ಕೇಳುವ ಅಧಿಕಾರ ರೈತನಿಗೆ ಹೇಗೆ ತೋರಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಬೆಳೆಯನ್ನು ಕಡಿಮೆ ಹೇಳುವುದಕ್ಕೆ ಲೋಭವೊಂದೇ ಕಾರಣವಲ್ಲ. ರಾಶಿಯನ್ನು ಬಾಯಿಬಿಟ್ಟು ಹೇಳಬಾರದೆಂಬ ಹಳೆಯ ಕಟ್ಟು ಅದಕ್ಕೆ ಮೊದಲೇ ಇತ್ತು.

ಕಣಕ್ಕೆ ಇನ್ನೊಂದು ಮುಖವೂ ಇದೆ. ಮನರಂಜನೆಯ ಮಾತು ಇಲ್ಲಿಂದಲೇ ಆರಂಭವಾಗಬೇಕು. ರಾಶಿಯನ್ನು ಮನೆಗೆ ಸಾಗಿಸುವ ಮುನ್ನ ಆಯಗಾರರ ಪಾಲು ಸಲ್ಲುತ್ತಿತ್ತು. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತೋಟಿ, ತಳವಾರ, ನಾಲೆಯ ನೀರು ತಿರುಗಿಸುವ ನೀರುಗಂಟಿ ಇವರೆಲ್ಲ ವರ್ಷದ ದುಡಿಮೆಗೆ ಕಣದಲ್ಲಿ ಧಾನ್ಯ ಪಡೆಯುತ್ತಿದ್ದರು. ಬೆಲೆಗಳು ಏರಿದ ಕಾಲದಲ್ಲಿ ಕಾಸಿನ ಕೂಲಿಗಿಂತ ಕಾಳಿನ ಕೂಲಿಯೇ ಭದ್ರ. ಹಣದ ಸಂಬಳದ ಗುಮಾಸ್ತನಿಗಿಂತ ಕೊಳಗದಲ್ಲಿ ಅಳೆಸಿಕೊಳ್ಳುವ ಬಡಗಿ ಆ ವರ್ಷಗಳಲ್ಲಿ ಮೇಲಾಗಿದ್ದನೆನ್ನಬೇಕು. ಆಯಗಾರರ ಹಿಂದೆ ಮತ್ತೊಂದು ಸಾಲು ನಿಲ್ಲುತ್ತಿತ್ತು: ಶಂಖಜಾಗಟೆಯ ದಾಸಯ್ಯ, ಕಿನ್ನರಿ ಜೋಗಿ, ವಂಶಾವಳಿ ಹೇಳುವ ಹೆಳವ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರ, ಮಾದೇಶ್ವರನ ಕಥೆ ಹಾಡುವ ಕಂಸಾಳೆಯ ದೇವರಗುಡ್ಡ. ಇವರಿಗೆ ಕಣದಲ್ಲಿ ಸಿಗುತ್ತಿದ್ದ ಮೊರದ ಕಾಳು ದಾನವೆಂದು ಹೆಸರಾದರೂ ವಾಸ್ತವದಲ್ಲಿ ಅದು ಒಂದು ಹಕ್ಕು. ಇಡೀ ಪ್ರದೇಶದ ಮೌಖಿಕ ಕಾವ್ಯಗಳು ಜೀವ ಹಿಡಿದಿದ್ದುದು ಈ ಕಾಳಿನಿಂದ. ಮನೆಯ ಊಟ, ಬಿತ್ತನೆ, ಮಿಗುವಳಿ ಎಂದು ವಿಂಗಡಿಸಿದ ಲೆಕ್ಕದಲ್ಲಿ ನೀಲಗಾರನ ಮೊರಕ್ಕೆ ಅಂಕಣವಿರಲಿಲ್ಲ. ಪಟೇಲನ ಕೈ ಬಿಗಿಯಾದಾಗ ರೈತನ ಕೈ ಮೊದಲು ಬಿಗಿಯಾಗುವುದು ದಾಖಲೆಯಿಲ್ಲದ ಪಾಲಿನ ಮೇಲೆ. ವೃತ್ತಿಗಾಯಕರ ಪರಂಪರೆಗಳು ಕ್ಷೀಣಿಸಿದ್ದಕ್ಕೆ ರೇಡಿಯೋ ಸಿನಿಮಾಗಳನ್ನು ಕಾರಣವಾಗಿ ಹೇಳುವುದು ನಮ್ಮಲ್ಲಿ ವಾಡಿಕೆಯಾಗಿದೆ. ಕಣದ ಕಾಳು ಎಂದಿನಿಂದ ಬತ್ತಿತು ಎಂಬ ಪ್ರಶ್ನೆಯನ್ನೂ ಅದರ ಜೊತೆಗೆ ಕೇಳಬೇಕು.

ಆಟಗಳ ವಿಷಯದಲ್ಲಿ ನಿರ್ಣಾಯಕವಾದದ್ದು ಬೆಳಕು. ಸೀಮೆಎಣ್ಣೆ ಪಡಿತರದ ವಸ್ತುವಾಯಿತು. ಬೆಳತನಕ ನಡೆಯುವ ಮೂಡಲಪಾಯದ ಬಯಲಾಟಕ್ಕೂ ಹಳ್ಳಿಯ ಹವ್ಯಾಸಿಗಳು ಕಂಪನಿ ಮಟ್ಟುಗಳಲ್ಲಿ ಕಲಿತು ಆಡುತ್ತಿದ್ದ ಪೌರಾಣಿಕ ನಾಟಕಕ್ಕೂ ಆ ಹೊತ್ತಿಗೆ ಗ್ಯಾಸ್‌ಲೈಟು ಒಗ್ಗಿಹೋಗಿತ್ತು. ಎಣ್ಣೆಯಿಲ್ಲದೆ ಅದು ಉರಿಯದು. ಹೊಂಗೆ, ಹರಳು ಬೆಳೆಯುವ ಊರುಗಳಿಗೆ ಹಣತೆ ಪಂಜುಗಳು ಹೊಸವಲ್ಲವಾದ್ದರಿಂದ ಕತ್ತಲೆಯೇನೂ ಕವಿಯಲಿಲ್ಲ. ಆದರೆ ಪಂಜಿನ ಬೆಳಕಿನಲ್ಲಿ ಬಯಲಾಟದ ಕಿರೀಟ ಹೊಳೆಯುವಷ್ಟು ಚೆನ್ನಾಗಿ ನಾಟಕದ ಪರದೆ ಕಾಣುವುದಿಲ್ಲ. ಸೋಬಾನೆ, ಕೋಲಾಟ, ರಾಗಿ ಬೀಸುವ ಪದಗಳಿಗಂತೂ ಯಾವ ಪರವಾನಗಿಯೂ ಬೇಕಿರಲಿಲ್ಲ. ನಗರದ ಮನರಂಜನೆಯೂ ಪಡಿತರಕ್ಕೆ ಒಳಗಾಗಿತ್ತು. ಕಚ್ಚಾ ಫಿಲ್ಮಿನ ಅಭಾವದಿಂದ ಕಥಾಚಿತ್ರಗಳ ಉದ್ದ 11,000 ಅಡಿ ಮೀರಬಾರದೆಂದು ಸರ್ಕಾರ ಕಟ್ಟುಮಾಡಿತು. ಆರ್. ನಾಗೇಂದ್ರರಾಯರ ‘ಸತ್ಯ ಹರಿಶ್ಚಂದ್ರ’ 1943ರಲ್ಲಿ ತೆರೆಕಂಡಿತು. ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ ಬರುತ್ತಿದ್ದ ಕಾಲವದು. ಅದೇ ವರ್ಷದಿಂದ ಚಿತ್ರಮಂದಿರಗಳು ಕಥಾಚಿತ್ರದ ಜೊತೆಗೆ ‘ಇಂಡಿಯನ್ ನ್ಯೂಸ್ ಪೆರೇಡ್’ ಎಂಬ ಯುದ್ಧವಾರ್ತೆಯ ಚಿತ್ರವನ್ನೂ ಕಡ್ಡಾಯವಾಗಿ ತೋರಿಸಬೇಕಾಯಿತು. ಹರಿಶ್ಚಂದ್ರನನ್ನು ನೋಡಲು ಗಾಡಿ ಕಟ್ಟಿಕೊಂಡು ಪೇಟೆಗೆ ಹೋದವರು ಟ್ಯಾಂಕುಗಳನ್ನೂ ನೋಡಿ ಬರಬೇಕಾದ ಕಾಲ.

ಉಡುಗೆ ಊಟಗಳನ್ನು ಕುರಿತು ಹೆಚ್ಚು ವಿಸ್ತರಿಸುವ ಅಗತ್ಯವಿಲ್ಲ. 1943ರ ಬಟ್ಟೆ ನಿಯಂತ್ರಣಾಜ್ಞೆಯ ನಂತರ ಗಿರಣಿಯ ಒರಟು ‘ಸ್ಟ್ಯಾಂಡರ್ಡ್’ ಬಟ್ಟೆ ಬಂತು. ಜನ ಅದನ್ನು ಕಂಟ್ರೋಲು ಸೀರೆ, ಕಂಟ್ರೋಲು ಪಂಚೆ ಎಂದರು. ಅಕ್ಕಿ ಉಣ್ಣುವ ನಗರದವರು ಗೋಧಿಯನ್ನು ಒಗ್ಗಿಸಿಕೊಳ್ಳಬೇಕಾಯಿತು. ಅಕ್ಕಿಯ ಅಭಾವದಲ್ಲಿಯೇ ರವೆ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳಿಕೊಂಡು ಬಂದಿದ್ದಾರೆ. ಮುದ್ದೆಯ ಊರುಗಳಿಗೆ ಈ ಸಂಕಟ ಅಷ್ಟಾಗಿ ತಟ್ಟಲಿಲ್ಲ. ಅವುಗಳ ಚಿಂತೆ ಉಪ್ಪು, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ, ಬಟ್ಟೆ.

ಕಾಸಿನ ಕಥೆ ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಕಾಸು ಅಥವಾ ಹನ್ನೆರಡು ಪೈ ಎಂಬ ಲೆಕ್ಕದ ಆ ಕಾಲದಲ್ಲಿ ರೂಪಾಯಿ ಎಂದರೆ ಬೆಳ್ಳಿಯೆಂದೇ ಅರ್ಥ. 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ವಿಕ್ಟೋರಿಯಾ ರಾಣಿಯ ರೂಪಾಯಿಗಳು 1941ರ ಮಾರ್ಚಿ ಕೊನೆಗೆ ಚಲಾವಣೆ ಕಳೆದುಕೊಂಡವು. ಜನ ಅವನ್ನು ಖಜಾನೆಗೆ ಒಪ್ಪಿಸುವುದರ ಬದಲು ಕೊರಳ ಸರಕ್ಕೂ ಲಕ್ಷ್ಮೀಪೂಜೆಯ ತಟ್ಟೆಗೂ ಸೇರಿಸಿದರು. ಇಂದಿಗೂ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ‘ರಾಣಿ ರೂಪಾಯಿ’ ಪೂಜೆಗೊಳ್ಳುತ್ತಿದೆ. ಸಾಮ್ರಾಜ್ಯದ ಮೇಲಿನ ಭಕ್ತಿ ಅದಕ್ಕೆ ಕಾರಣವೆಂದು ತಿಳಿಯಬೇಕಾಗಿಲ್ಲ, ಕಾರಣ ಅಪ್ಪಟ ಬೆಳ್ಳಿ. ಚಿಲ್ಲರೆಯ ಅಭಾವವಂತೂ ತೀವ್ರವಾಗಿತ್ತು. ತಾಮ್ರ ಯುದ್ಧಕ್ಕೆ ಬೇಕಾಗಿದ್ದುದರಿಂದ 1943ರಲ್ಲಿ ನಡುವೆ ದೊಡ್ಡ ತೂತಿದ್ದ ಹೊಸ ಕಾಸನ್ನು ಟಂಕಿಸಲಾಯಿತು. ಇದೇ ಜನರು ಮರೆಯದ ‘ತೂತು ಕಾಸು’. ಮಕ್ಕಳ ಉಡಿದಾರಕ್ಕೆ ಪೋಣಿಸಲು, ಮೊಳೆಗೆ ಬಿಲ್ಲೆಯಾಗಿ ಹಾಕಲು ಅದು ಒದಗಿತು. ಲೋಹ ಉಳಿಸಲೆಂದು ಕೊರೆದ ತೂತು ಕಾಸನ್ನು ಚಲಾವಣೆಯಿಂದ ಹೊರಕ್ಕೆಳೆಯಲು ದಾರಿಯಾದದ್ದು ಒಂದು ವಿನೋದ.

ಸುದ್ದಿ ಬರುತ್ತಿದ್ದ ಹಾದಿಗಳು ಹಲವು. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ ಯುದ್ಧದ ವರ್ಷಗಳಲ್ಲಿ ಸಂಸ್ಥಾನದ ಸರ್ಕಾರದ ಆಡಳಿತಕ್ಕೆ ಬಂತು. ರೇಡಿಯೋ ಪೆಟ್ಟಿಗೆ ಉಳ್ಳವರ ಸೊತ್ತಾಗಿತ್ತು. ಮೈಸೂರಿನ ‘ಸಾಧ್ವಿ’, ಬೆಂಗಳೂರಿನ ‘ತಾಯಿನಾಡು’ವಿನಂಥ ಪತ್ರಿಕೆಗಳಿದ್ದವು; ಕಾಗದದ ಅಭಾವವೂ ಸುದ್ದಿಯ ಮೇಲಿನ ನಿರ್ಬಂಧಗಳೂ ಪತ್ರಿಕೆಗಳನ್ನು ಬಾಧಿಸಿದ್ದವು. ರೈಲಿಲ್ಲದ ಊರಿಗೆ ಅವು ಬರಬೇಕಾದದ್ದು ಬಸ್ಸಿನಲ್ಲಿ. ಪೆಟ್ರೋಲಿಲ್ಲದೆ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿ, ಗಾಳಿ ತಿರುವಿ, ಆ ಅನಿಲದಿಂದ ಓಡಿಸುತ್ತಿದ್ದ ಕಾಲವದು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳುತ್ತಿದ್ದುದು ಹಳೆಯ ಮೈಸೂರಿನ ಎಲ್ಲ ರಸ್ತೆಗಳ ಸಾಮಾನ್ಯ ಅನುಭವ. 1942ರ ಸೆಪ್ಟೆಂಬರ್ 1ರಿಂದ ಇಂಡಿಯಾದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಲಾಯಿತು. ಯುದ್ಧ ಮುಗಿಯುವವರೆಗೂ ಇದೇ ‘ಯುದ್ಧದ ಗಂಟೆ’. ಹೊತ್ತು ನೋಡಿ ಎತ್ತು ಕಟ್ಟುವವನಿಗೆ ಇದರಿಂದ ಬಾಧಕವಿರಲಿಲ್ಲ. ತಾಲ್ಲೂಕು ಕಚೇರಿಗೆ ಹೋಗುವವನು ಎರಡು ಕಾಲಗಳನ್ನು ಲೆಕ್ಕಹಾಕಬೇಕಾಗಿತ್ತು.

ಹೀಗೆ ಮುದ್ರಿತ ಸುದ್ದಿ ತಡವಾದಷ್ಟೂ ಬಾಯಿಮಾತಿನ ಸುದ್ದಿಗೆ ಬಲ ಬಂತು. ಸರ್ಕಾರದ ಆಜ್ಞೆಯನ್ನು ತಮಟೆ ಬಡಿದು ಸಾರಲಾಗುತ್ತಿತ್ತು. ಅದರ ವ್ಯಾಖ್ಯಾನ ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಹೋಟೆಲಿನ ಬೆಂಚಿನ ಮೇಲೆ ನಡೆಯುತ್ತಿತ್ತು. 1942ರ ಏಪ್ರಿಲ್‌ನಲ್ಲಿ ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನೀಯರ ಬಾಂಬು ಬಿದ್ದಾಗ ಮದರಾಸಿನಿಂದ ಸಹಸ್ರಾರು ಸಂಸಾರಗಳು ಒಳನಾಡಿಗೆ ಹೊರಟವು. ಗಂಟುಮೂಟೆ ಹೊತ್ತು ಬಂದವರೇ ಸುದ್ದಿಯ ಪುರಾವೆಯಾಗಿದ್ದಾಗ ಪತ್ರಿಕೆಯ ಸಮಾಧಾನದ ಮಾತನ್ನು ಯಾರು ನಂಬಿಯಾರು? ಆ ಆಗಸ್ಟಿನಲ್ಲಿ ಗಾಂಧೀಜಿ ಬಂಧಿತರಾದ ಮೇಲಂತೂ ಸರ್ಕಾರಿ ವಾರ್ತೆಯ ಮೇಲಿನ ವಿಶ್ವಾಸ ಮತ್ತಷ್ಟು ಕುಗ್ಗಿತು. ಗಾಳಿಸುದ್ದಿಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಉಪ್ಪು ಸಿಗುವುದಿಲ್ಲವೆಂಬ ಮಾತು ಹಬ್ಬಿ ಜನ ಉಪ್ಪು ಕೂಡಿಟ್ಟರೆ ಸಂತೆಯಲ್ಲಿ ಉಪ್ಪು ನಿಜವಾಗಿಯೂ ಮುಗಿಯುತ್ತದೆ. ಗಾಳಿಸುದ್ದಿ ಬೆಲೆಯನ್ನು ವರದಿ ಮಾಡುವುದಷ್ಟೇ ಅಲ್ಲ, ಬೆಲೆಯನ್ನು ಕಟ್ಟುತ್ತದೆ.

1945ರಲ್ಲಿ ಯುದ್ಧ ನಿಂತಿತಾದರೂ ಪಡಿತರ ನಿಲ್ಲಲಿಲ್ಲ. 1947ರ ಕೊನೆಯಲ್ಲಿ ಆಹಾರಧಾನ್ಯಗಳ ನಿಯಂತ್ರಣವನ್ನು ಸಡಿಲಿಸಿದ ಕೇಂದ್ರ ಸರ್ಕಾರ ಮರುವರ್ಷವೇ ಅದನ್ನು ಮತ್ತೆ ಹೇರಬೇಕಾಯಿತು. ಲೆವಿ ಎಂಬ ಪದ ಸ್ವತಂತ್ರ ಭಾರತದ ಕಂದಾಯ ಕಚೇರಿಗಳಲ್ಲೂ ಬಹುಕಾಲ ಬಾಳಿತು. 1957ರಲ್ಲಿ ದಶಮಾಂಶ ನಾಣ್ಯಗಳು ಬಂದ ಮೇಲೆ ತೂತು ಕಾಸು ಸಂತೆಯಿಂದ ಮರೆಯಾಗಿ, ಉಡಿದಾರಗಳಲ್ಲಿ ಮಾತ್ರ ಇನ್ನೂ ಕೆಲವು ವರ್ಷ ಉಳಿದುಕೊಂಡಿತು.