‘ಈಗ’ ಎಂಬುದು ಯಾರ ಈಗ?

ಕನ್ನಡದಲ್ಲಿ ‘ಇಲ್ಲಿ–ಅಲ್ಲಿ’, ‘ಈಗ–ಆಗ’ ಎಂಬ ಜೋಡಿಪದಗಳು ಸಮೀಪ ಹಾಗೂ ದೂರವನ್ನು ಸೂಚಿಸುವ ಒಂದೇ ಬಗೆಯ ರಚನೆಗಳು. ‘ಇಲ್ಲಿ’ ಎಂಬುದು ಆಡುವವರ ನೆಲೆಯನ್ನು ಅವಲಂಬಿಸಿದೆ. ಬಾಗಲೂರಿನವರ ‘ಇಲ್ಲಿ’ ಹೊಸೂರಿನವರಿಗೆ ‘ಅಲ್ಲಿ’. ಆದರೆ ‘ಈಗ’ ಮಾತ್ರ ಜಗತ್ತಿಗೆಲ್ಲ ಒಂದೇ ಎಂಬುದು ಬಹುಕಾಲದ ನಂಬಿಕೆ. 1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮಂಡಿಸಿದ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತವು ಈ ನಂಬಿಕೆಯನ್ನು ಅಲುಗಿಸಿತು.

ಸಿದ್ಧಾಂತದ ತಳಹದಿ ಒಂದು ಸರಳ ಸಂಗತಿ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ನಿಂತವರು ಅಳೆದರೂ ಏಕರೂಪ ವೇಗದಿಂದ ಸಾಗುವವರು ಅಳೆದರೂ ಅದು ಬದಲಾಗದು.

ಐನ್‌ಸ್ಟೈನ್ ಬಳಸಿದ ರೈಲು ಮತ್ತು ಸಿಡಿಲಿನ ದೃಷ್ಟಾಂತವನ್ನು ಹೊಸೂರು ನಿಲ್ದಾಣಕ್ಕೆ ತಂದು ನೋಡಬಹುದು. ನಿಲ್ಲದೆ ಸಾಗುವ ರೈಲಿನ ಮುಂತುದಿಗೂ ಹಿಂತುದಿಗೂ ಸಿಡಿಲು ಬಡಿಯಿತೆನ್ನೋಣ. ಆ ಎರಡು ಗುರುತುಗಳ ನಡುಮಧ್ಯೆ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಎರಡೂ ಮಿಂಚುಗಳ ಬೆಳಕು ಒಟ್ಟಿಗೆ ತಲಪುತ್ತದೆ. ದೂರ ಸಮ, ವೇಗ ಸಮ. ಆದ್ದರಿಂದ ಸಿಡಿಲುಗಳು ಏಕಕಾಲಕ್ಕೆ ಬಡಿದವೆಂಬುದು ಅವನ ನಿರ್ಣಯ. ರೈಲಿನ ನಡುವೆ ಕುಳಿತವಳಾದರೋ ಮುಂದಿನ ಬೆಳಕಿನ ಕಡೆಗೆ ಸಾಗುತ್ತಿದ್ದಾಳೆ. ಅದು ಅವಳನ್ನು ಮೊದಲು ಮುಟ್ಟುತ್ತದೆ. ರೈಲಿನ ಎರಡು ತುದಿಗಳೂ ಅವಳಿಗೆ ಸಮದೂರ, ಬೆಳಕಿನ ವೇಗವೂ ಅವಳಿಗೆ ಎರಡೂ ಕಡೆಯಿಂದ ಸಮ. ಹೀಗಿರಲು, ಮುಂದಿನ ಸಿಡಿಲೇ ಮೊದಲು ಬಡಿಯಿತು ಎಂದು ಅವಳು ಹೇಳಲೇಬೇಕು.

ಇದು ಕಣ್ಣಿನ ಭ್ರಮೆಯಲ್ಲ. ಬೆಳಕು ಬರಲು ಹಿಡಿದ ಸಮಯವನ್ನು ಕಳೆದು ಲೆಕ್ಕ ಹಾಕಿದ ಮೇಲೂ ಉಳಿಯುವ ಭೇದವಿದು. ಇಬ್ಬರಲ್ಲಿ ಒಬ್ಬರದು ಸರಿ, ಮತ್ತೊಬ್ಬರದು ತಪ್ಪು ಎನ್ನಲು ಆಧಾರವಿಲ್ಲ.

ನಿತ್ಯಜೀವನದಲ್ಲಿ ಇದು ಗಮನಕ್ಕೆ ಬಾರದು. 300 ಮೀಟರ್ ಉದ್ದದ ರೈಲು ಗಂಟೆಗೆ 108 ಕಿಲೋಮೀಟರ್ ವೇಗದಿಂದ ಸಾಗಿದರೆ, ವ್ಯತ್ಯಾಸವು ಸೆಕೆಂಡಿನ 10 ಲಕ್ಷ ಕೋಟಿ ಭಾಗಗಳಲ್ಲಿ ಒಂದು ಭಾಗ ಮಾತ್ರ. ಆದರೆ ದೂರ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಆಂಡ್ರೊಮಿಡಾ ನಕ್ಷತ್ರಲೋಕವು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಬಾಗಲೂರಿನ ಬೀದಿಯಲ್ಲಿ ಒಬ್ಬರು ಅದರ ದಿಕ್ಕಿಗೆ, ಇನ್ನೊಬ್ಬರು ವಿರುದ್ಧ ದಿಕ್ಕಿಗೆ, ಗಂಟೆಗೆ 5 ಕಿಲೋಮೀಟರ್ ವೇಗದಿಂದ ನಡೆಯುತ್ತ ಒಬ್ಬರನ್ನೊಬ್ಬರು ಹಾದುಹೋಗಲಿ. ಅಲ್ಲಿ ‘ಈಗ’ ನಡೆಯುತ್ತಿರುವುದೇನು ಎಂಬುದರಲ್ಲಿ ಅವರಿಬ್ಬರ ಲೆಕ್ಕಗಳಿಗೆ ಸುಮಾರು 8 ದಿನಗಳ ಅಂತರ ಬೀಳುತ್ತದೆ!

ಹಾಗೆಂದು ಕಾಲಕ್ರಮವೆಲ್ಲ ಕಲಸಿಹೋಗದು. ಒಂದು ಘಟನೆಯಿಂದ ಹೊರಟ ಬೆಳಕು ಇನ್ನೊಂದು ಘಟನೆಯನ್ನು ಅದು ನಡೆಯುವ ಮುನ್ನವೇ ತಲಪಬಲ್ಲುದಾದರೆ, ಅವುಗಳ ಹಿಂದುಮುಂದು ಎಲ್ಲರಿಗೂ ಒಂದೇ. ಬಾಗಲೂರಿನ ತೋಟದಲ್ಲಿ ಕೊಯ್ದ ಗುಲಾಬಿ ಕೊಯ್ಯುವ ಮೊದಲೇ ಬೆಂಗಳೂರಿನ ಮಾರುಕಟ್ಟೆ ಸೇರಿತೆಂದು ಯಾವ ವೀಕ್ಷಕರೂ ಹೇಳಲಾರರು. ಕಾರಣ ಮೊದಲು, ಕಾರ್ಯ ಅನಂತರ ಎಂಬ ನಿಯಮ ಅಬಾಧಿತ. ಬದಲಾದುದು ಇಷ್ಟೇ: ‘ಇಲ್ಲಿ’ ಎಂದಾಗ ‘ಎಲ್ಲಿಂದ?’ ಎಂದು ಕೇಳುವಂತೆ, ದೂರದ ಘಟನೆಗೆ ‘ಈಗ’ ಎಂದಾಗ ‘ಯಾರ ಚಲನೆಯ ನೆಲೆಯಿಂದ?’ ಎಂದೂ ಕೇಳಬೇಕಾಗಿದೆ.